ಮುಂದಿನ ಸೀಟು

ಸೀಟಿನ ಅಡಿಯಲ್ಲೊಂದು ಸರಳು ಉಂಟು.
ಎತ್ತಿ ಜರುಗಿದರೆ ಮುಂದೆ, ಹಿಂದೆ; ಬಿಟ್ಟರೆ ಅಲ್ಲೇ.
ಐದು ವರ್ಷ ಅದು ನನ್ನ ಕಾಲಿನ ಅಳತೆಗೆ ನಿಂತಿತ್ತು.

ಅತ್ತೆ ವಿಸಿಟ್ ವೀಸಾದಲ್ಲಿ ಬಂದಿಳಿದ ರಾತ್ರಿ
ಮಸ್ಕತ್ ಏರ್‌ಪೋರ್ಟಿನ ಪಾರ್ಕಿಂಗಿನಲ್ಲಿ
ಯಶೋಧರ ಒಂದು ಮಾತೂ ಆಡದೆ
ಮುಂದಿನ ಬಾಗಿಲು ತೆರೆದು ಹಿಡಿದರು,
ನನಗಲ್ಲ.

ನಾನು ಹಿಂದೆ ಹೋದೆ. ಹೋಗಬೇಕಾದ್ದೇ.
ಮದುವೆಯ ಪಂಕ್ತಿಯಲ್ಲಿ ಯಾರ ಎಲೆಗೆ ಮೊದಲು ಉಪ್ಪು
ಎಂದು ಗೊತ್ತಿರುವವಳಿಗೆ
ಕಾರಿನ ಪಂಕ್ತಿ ಗೊತ್ತಿಲ್ಲವೇ?
ಆದರೂ ಮಗುವಿನ ಸೀಟು, ಡೈಪರಿನ ಚೀಲ,
ಅತ್ತೆ ಹೊತ್ತು ತಂದ ಕುಚ್ಚಲಕ್ಕಿಯ ಗಂಟು
ಇವುಗಳ ಸಂದಿಯಲ್ಲಿ ಮೊಣಕಾಲು ಮಡಚುವಾಗ
ಎಲ್ಲೋ ಒಂದು ಕೀಲು ಕಿರುಗುಟ್ಟಿತು.
ಅತ್ತೆ ಸರಳು ಹುಡುಕಿ ಎತ್ತಿ
ಸೀಟನ್ನು ಆದಷ್ಟು ಮುಂದಕ್ಕೆ ಜರುಗಿಸಿಕೊಂಡರು.
ದಾರಿ ಚೆನ್ನಾಗಿ ಕಾಣಲೆಂದು, ಅಂದುಕೊಂಡೆ.

ಆಮೇಲೆ ಪ್ರತಿ ಶುಕ್ರವಾರ.
ದಾರ್ಸೈತಿನ ದೇವಸ್ಥಾನಕ್ಕೆ, ಮತ್ರಾದ ಮೀನಿಗೆ,
ಬರ್ಕಾದ ನಾದಿನಿಯ ಮನೆಗೆ.
ಅತ್ತೆ ಮುಂದೆ, ಬ್ಯಾಗು ಮಡಿಲಲ್ಲಿ,
ಕಂಡಕ್ಟರಿಗೆ ಕಾಯುವವರ ಹಾಗೆ ನೆಟ್ಟಗೆ.
ನಾನು ಹಿಂದೆ, ಅವರ ತುರುಬಿನ ಆಚೆ
ಬೋಳು ಗುಡ್ಡಗಳನ್ನು ಅರ್ಧರ್ಧ ಕಾಣುತ್ತ.
ಮುಂದೆ ತಾಯಿ ಮಗ ಏನೋ ಹೇಳಿ ನಗುವರು;
ಏಸಿಯ ಸದ್ದಿನಲ್ಲಿ ನನಗೆ ಮಾತಿನ ಬಾಲ ಮಾತ್ರ.
"ಎಂತ?" ಎಂದರೆ "ಏನಿಲ್ಲ ಬಿಡು."

ಹೇಳಿಕೊಳ್ಳಲು ನಾಚಿಕೆ,
ಮೂವತ್ತು ದಾಟಿದವಳು ಸೀಟಿಗೆ ಮುಖ ಊದಿಸಿಕೊಂಡದ್ದು.
ಪಕ್ಕದ ಫ್ಲ್ಯಾಟಿನ ಫ್ಲೇವಿಯಾಳಿಗೆ ಮಾತ್ರ ಹೇಳಿದೆ.
"ನಮ್ಮಲ್ಲಿ ಮಾವ ಮುಂದೆ. ಮಾವ ಬರದ ದಿನ ಅತ್ತೆ.
ಇಬ್ಬರೂ ಬರದ ದಿನ ಅವರು ತರಿಸುವ ಸಾಮಾನು," ಎಂದಳು.
ನಕ್ಕೆವು. ನಕ್ಕರೂ ಹೋಗಲಿಲ್ಲ.

ಅದೇ ಹೊತ್ತಿಗೆ ನನ್ನ ಲೈಸೆನ್ಸಿನ ಕತೆ.
ಡ್ರಮ್ಮುಗಳ ನಡುವೆ ರಿವರ್ಸ್ ಹೋಗುವುದರಲ್ಲಿ
ಎರಡು ಸಲ ಡ್ರಮ್ಮು ಉರುಳಿತು.
ರಸ್ತೆಯ ಪರೀಕ್ಷೆಯಲ್ಲಿ ಮೂರು ಸಲ ಪೊಲೀಸಿನವ
"ಬುಕ್ರಾ" ಎಂದ. ನಾಳೆ ಎಂದರ್ಥ;
ಆ ನಾಳೆಗೆ ಎಷ್ಟು ದಿನ ಎಂದು ಅವನು ಹೇಳುವುದಿಲ್ಲ.
ನಾಲ್ಕನೆಯ ಸಲ ಏನೂ ಅನ್ನದೆ ಸಹಿ ಹಾಕಿದ.

ಮರುದಿನ ಸಂಜೆ ಕೀಲಿ ನನ್ನ ಕೈಯಲ್ಲಿ.
ಯಶೋಧರ ಮುಂದಿನ ಬಾಗಿಲ ಬಳಿ ಬಂದು
ಅಮ್ಮನನ್ನು ನೋಡಿದರು, ನನ್ನನ್ನು ನೋಡಿದರು,
ಬಿಸಿ ಪಾತ್ರೆ ಮುಟ್ಟಿದವರಂತೆ ಕೈ ತೆಗೆದರು.
ಅತ್ತೆ ಆಗಲೇ ಹಿಂದಿನ ಬಾಗಿಲು ತೆರೆದಿದ್ದರು.

"ಅಮ್ಮಾ, ನೀನು ಮುಂದೆ."
"ಬೇಡ ಮಾರಾಯ. ಮೂರು ತಿಂಗಳು ಕೂತೆ, ಸಾಕು.
ಏಸಿ ಗಾಳಿ ಮುಖಕ್ಕೆ, ಬಿಸಿಲು ಮಡಿಲಿಗೆ.
ನಮ್ಮಲ್ಲಿ ಡ್ರೈವರ್ ಕೂರುವ ಬದಿ ಅದು,
ಸ್ಟಿಯರಿಂಗ್ ಇಲ್ಲದೆ ಅಲ್ಲಿ ಕೂತರೆ ಜೀವ ಬಾಯಿಗೆ ಬರ್ತದೆ."

"ಮತ್ತೆ ಯಾಕೆ ಕೂತಿರಿ?" ನಾನು ಕೇಳಿದೆ.

"ಒಳ್ಳೆಯ ಸೀಟು ನಿನಗೆ ಬಿಡಬೇಡವಾ?
ಡಾಕ್ಟ್ರು ಹಿಂದೆ ಕೂರುವುದು. ಸಾಹುಕಾರ್ತಿ ಹಿಂದೆ ಕೂರುವುದು.
ಮುಂದೆ ಕ್ಲೀನರ್ ಹುಡುಗ, ಇಲ್ಲ ದಾರಿ ತೋರಿಸಲಿಕ್ಕೆ ಬಂದವ.
ನಿನ್ನ ಮಾವ ಹದಿನೆಂಟು ವರ್ಷ ಓಡಿಸಿದರಲ್ಲ, ಧನಿಗಳ ಅಂಬಾಸಿಡರು.
ಇವನು ಹುಟ್ಟುವ ರಾತ್ರಿ ನನ್ನನ್ನು ಆಸ್ಪತ್ರೆಗೆ
ಕರ್ಕೊಂಡು ಹೋದದ್ದೂ ಮುಂದೆ ಕೂರಿಸಿಯೇ.
ಹಿಂದೆ ಬಿಳಿ ಟವೆಲ್ ಹಾಸಿತ್ತು."

ಹೇಳಿ, ಸೆರಗು ಒಳಗೆಳೆದುಕೊಂಡು ಬಾಗಿಲು ಹಾಕಿದರು.
ಮೆಲ್ಲಗೆ ಹಾಕಿದ್ದರಿಂದ ಅದು ಬೀಳಲಿಲ್ಲ.
ನಾನು ಇಳಿದು ಹೋಗಿ ಮತ್ತೆ ಹಾಕಿದೆ.

ಅಲ್ ಖುವೈರಿನ ರೌಂಡಬೌಟಿನಲ್ಲಿ
ಎಡಗಡೆಯಿಂದ ಬರುವವರಿಗೆ ದಾರಿ ಬಿಟ್ಟು ಕಾಯುವಾಗ
ಕನ್ನಡಿಯಲ್ಲಿ ಅತ್ತೆಯ ಮುಖ.
ಹುಬ್ಬಿನ ಮೇಲೊಂದು ಹಳೆಯ ಗಾಯದ ಗೆರೆ,
ತುರುಬು ನೋಡಿದವಳಿಗೆ ಇಷ್ಟು ದಿನ ಕಂಡಿರಲಿಲ್ಲ.
"ಡ್ರೈವರೇ, ಏಸಿ ಸ್ವಲ್ಪ ಕಡಿಮೆ ಮಾಡಿ."
"ಆಯ್ತಮ್ಮಾ."

ಯಶೋಧರ ನನ್ನ ಪಕ್ಕದಲ್ಲಿ
ಮೊಣಕಾಲು ಡ್ಯಾಶ್‌ಬೋರ್ಡಿಗೆ ಒತ್ತಿಕೊಂಡು ಕೂತಿದ್ದರು.
ಸರಳು ಎಲ್ಲುಂಟೆಂದು ಅವರು ಕೇಳಲಿಲ್ಲ.
ಬರ್ಕಾ ಬರುವವರೆಗೆ ನಾನೂ ಹೇಳಲಿಲ್ಲ.