ನವೆಂಬರಿನವರೆಗೆ

ವುಜ್ ನಗರ, ಹಳೇ ಗಿರಣಿಗಳ ಬೀದಿ, ನಾಲ್ಕನೇ ಮಹಡಿ.
ತಗಡಿನ ಮಾಡಿನ ಕೆಳಗೆ ಮೂವತ್ತಮೂರು ಡಿಗ್ರಿ.
ಬೆಳಗಿನ ಪಾಳಿ ಮುಗಿಸಿ, ಟ್ರಾಮು ಡಿಪೋಗೆ ಒಪ್ಪಿಸಿ
ಮೆಟ್ಟಿಲು ಹತ್ತುತ್ತಿದ್ದೆ. ಮೇಲಿಂದ ಕಲೀನಾ:
ಅಮ್ಮಾ, ಪೊಪ್ಯೋಲೆಕ್ ಮಲಗಿದಾನೆ,
ಆದರೆ ಮಲಗಿದ ಹಾಗಿಲ್ಲ.

ಪೊಪ್ಯೋಲೆಕ್ ಅಂದರೆ ನಮ್ಮಲ್ಲಿ ಪುಟ್ಟ ಬೂದಿ.
ಬೂದಿಬಣ್ಣದ ಚಿಂಚಿಲ್ಲಾ, ಧೂಳಲ್ಲೇ ಹೊರಳಿ ಮೀಯುವವನು,
ಇಡೀ ರಾತ್ರಿ ಪಂಜರದೊಳಗೆ ಕುಪ್ಪಳಿಸಿ
ನನ್ನ ನಿದ್ದೆ ತಿನ್ನುವವನು,
ಈಗ ಪಕ್ಕಕ್ಕೆ ಉರುಳಿ ಬಿದ್ದಿದ್ದ.
ಪಕ್ಕೆ ಮಾತ್ರ ಹೊಲಿಗೆಯಂತ್ರದ ಹಾಗೆ ಓಡುತ್ತಿತ್ತು.

ಫ್ಯಾನು ಹಚ್ಚಿ ಅವನತ್ತ ತಿರುಗಿಸಿದೆ.
ಸಿಂಕಿಗೆ ತಣ್ಣೀರು ಬಿಟ್ಟೆ, ಮುಳುಗಿಸೋಣವೆಂದು.
ದಿನಕ್ಕೆ ಸಾವಿರ ಜನರನ್ನು ಊರು ದಾಟಿಸುವ ಕೈ
ಒಂದು ಹಿಡಿ ಬೂದಿಯ ಮುಂದೆ ಆಡಲಿಲ್ಲ.

ಕಲೀನಾ ಓಡಿ ಎದುರುಮನೆಯ ಬಾಗಿಲು ಬಡಿದಳು.
ಎದ್ಮುಂದ್ ತಾತ ಬಂದ, ಬನಿಯನ್ನಿನಲ್ಲೇ, ಒಂದೇ ಕಾಲಿಗೆ ಚಪ್ಪಲಿ.
ಒಂಬತ್ತು ವರ್ಷದ ನೆರೆ. ಪಂಜರ ಬಂದಮೇಲೆ
ನಮ್ಮ ಹೊಸಿಲು ದಾಟಿದವನಲ್ಲ.
ಅಲರ್ಜಿ, ಅನ್ನುತ್ತಿದ್ದ.

ನಲ್ಲಿ ನಿಲ್ಲಿಸು, ಅಂದ.
ಆ ದಟ್ಟ ತುಪ್ಪಳ ತೊಯ್ದರೆ ಒಣಗುವುದು ಯಾವಾಗ?
ಕಾದ ಮೈಗೆ ಹಿಮನೀರು ಇನ್ನೊಂದು ಏಟು.
ಫ್ಯಾನೂ ದಂಡ. ಬೆವರದ ಜೀವ,
ಗಾಳಿ ಏನನ್ನು ಆರಿಸೀತು?

ಎರಡೇ ಬೆರಳಲ್ಲಿ ಕಿವಿ ಬೆಳಕಿಗೆ ಹಿಡಿದ.
ನೋಡು, ನರ ಎದ್ದಿದೆ, ಬೀಟ್‌ರೂಟ್ ಸಾರಿನ ಬಣ್ಣ.
ಗಲ್ಲದಡಿ ಒದ್ದೆ, ಅದು ನೀರಲ್ಲ, ಜೊಲ್ಲು.
ಡಾಕ್ಟರಿಗೆ ಫೋನು ಮಾಡು, ಈಗಲೇ.

ಅಂಗೈ ಕೆಳಗೆ ಕೊಟ್ಟು ಎತ್ತಿಕೊಂಡ.
ಕೂದಲು ಹಿಡಿದೆಳೆಯಬೇಡಿ,
ಹೆದರಿದರೆ ಕೂದಲನ್ನೇ ನಿಮ್ಮ ಕೈಲಿ ಬಿಟ್ಟು ಜಾರುವ ಜಾತಿ.
ಇಳಿದೆವು, ಒಬ್ಬರ ಹಿಂದೊಬ್ಬರು, ನೆಲಮಾಳಿಗೆಗೆ,
ಹಿಂದೆ ಕಲ್ಲಿದ್ದಲು ಇಡುತ್ತಿದ್ದ ಕತ್ತಲೆಗೆ.
ಕಲ್ಲಹಾಸಿನ ಮೇಲೆ ಮಲಗಿಸಿ,
ಹಿಂಡಿದ ತಂಪು ಬಟ್ಟೆ ಕಿವಿಗೆ, ಆಮೇಲೆ ಅಂಗಾಲಿಗೆ,
ಮತ್ತೆ ಕಿವಿಗೆ.
ಬಾಯಿಗೆ ನೀರು ಹನಿಸಹೋದೆ, ಕೈ ತಡೆದ:
ಪ್ರಜ್ಞೆ ಅರ್ಧವಿದೆ, ಶ್ವಾಸಕ್ಕಿಳಿದರೆ?
ಬಟ್ಟಲು ಹತ್ತಿರವಿಡು. ಬೇಕಾದರೆ ಅವನೇ ಕುಡಿದಾನು.

ನಿಮ್ಮ ಹತ್ತಿರವೂ ಇತ್ತಾ ತಾತ?
ಇತ್ತು.
ಎಷ್ಟು?
ನಾನ್ನೂರು.
ನಾನ್ನೂರು! ಕಲೀನಾ ಕತ್ತಲೆಯಲ್ಲೇ ಕುಣಿದಳು.
ಎಲ್ಲಕ್ಕೂ ಹೆಸರಿಟ್ಟಿದ್ರಾ?
ಬಟ್ಟೆಯಲ್ಲಿ ಒಂದು ಹನಿಯೂ ಉಳಿದಿರಲಿಲ್ಲ,
ಆದರೂ ಮತ್ತೆ ಹಿಂಡಿದ.
ನಂಬರಿತ್ತು.

ನನಗೆ ತಿಳಿಯಿತು.
ನನಗೆ ತಿಳಿದದ್ದು ಅವನಿಗೂ ತಿಳಿಯಿತು.
ಬೇಸಗೆಯಲ್ಲಿ ಒಂದು ಸತ್ತರೂ ಸಂಬಳ ಹಿಡಿಯುತ್ತಿದ್ದರು, ಅಂದ,
ನನಗೆ ಮಾತ್ರ ಕೇಳುವ ಹಾಗೆ.
ಚಳಿಗೆ ತುಪ್ಪಳ ತುಂಬುತ್ತದಲ್ಲ.
ನವೆಂಬರಿನವರೆಗೆ ಬದುಕಿಸಬೇಕಿತ್ತು.

ಕಿವಿ ಗುಲಾಬಿಗೆ ತಿರುಗಿದ್ದೇ ಬಟ್ಟೆ ತೆಗೆದ.
ಸಾಕು. ಇನ್ನೂ ತಣಿಸಿದರೆ ಆ ಕಡೆಗೆ ಬಿದ್ದೀತು.
ಹೆಪ್ಪುಗಟ್ಟಿದ ನೀರಿನ ಬಾಟಲಿಗೆ ಟವೆಲು ಸುತ್ತಿ
ಡಬ್ಬಿಯ ಮೂಲೆಗಿಟ್ಟ, ಮೈಗೆ ತಾಗದಂತೆ.

ಹತ್ತನೇ ನಂಬರಿನ ಟ್ರಾಮು. ಓಡಿಸುತ್ತಿದ್ದವನು ದೋಬ್ರೋಮಿರ್.
ಡಬ್ಬಿ ನೋಡಿದ, ನನ್ನ ಮುಖ ನೋಡಿದ,
ನಿಲ್ದಾಣವಲ್ಲದ ಕಡೆ ಬಾಗಿಲು ತೆರೆದ.
(ಇದನ್ನು ಡಿಪೋದಲ್ಲಿ ಯಾರೂ ಓದದಿರಲಿ.)
ಡಾಕ್ಟರು ಚರ್ಮದಡಿಗೆ ದ್ರವ ಕೊಟ್ಟು ಹೇಳಿದರು:
ಗಂಡಾಂತರ ಕಳೆದಿಲ್ಲ. ಕರುಳು ನಿಂತರೆ ಮುಗಿಯಿತು.
ತಿನ್ನುತ್ತದೋ, ಹಿಕ್ಕೆ ಹಾಕುತ್ತದೋ, ಕಾಯಿರಿ.

ಎಷ್ಟೋ ದೇವರಿಗೆ ಎಷ್ಟೋ ಹರಕೆ ಹೊತ್ತವರಿದ್ದಾರೆ,
ಒಂದು ಹಿಕ್ಕೆಗಾಗಿ ಮೊರೆಯಿಟ್ಟವಳು ನಾನೊಬ್ಬಳೇ ಇರಬೇಕು.
ನೆಲಮಾಳಿಗೆಯಲ್ಲಿ ಚಾಪೆ, ಟಾರ್ಚು,
ಒಣಹುಲ್ಲಿನ ಒಂದೇ ಎಸಳು, ಅವನ ಮೂಗಿನ ಮುಂದೆ.
ಎರಡೂಕಾಲಿಗೆ ಎಸಳು ಗಿಡ್ಡವಾಯಿತು.
ನಾಲ್ಕಕ್ಕೆ ಬಿತ್ತು, ಒಂದೇ ಒಂದು,
ಕಪ್ಪಗೆ, ಜೀರಿಗೆಗಿಂತ ತುಸು ದಪ್ಪ.

ಕಲೀನಾ ಅದನ್ನು ಅಂಗೈಯಲ್ಲಿಟ್ಟು ನಾಲ್ಕು ಮಹಡಿ ಹತ್ತಿದಳು.
ತಾತ ಎದ್ದೇ ಇದ್ದ. ಕನ್ನಡಕ ಹುಡುಕಿ ನೋಡಿದ.
ಗಟ್ಟಿಯಿದೆ, ಅಂದ. ಒಳ್ಳೇದು.
ನವೆಂಬರಿಗೆ ಅವನಿಗೆ ಮೂರು ತುಂಬುತ್ತೆ, ಅಂದಳು ಇವಳು,
ಕೇಕು ಮಾಡ್ತೀವಿ, ಬರಬೇಕು.
ತಾತ ಬಾಗಿಲ ಚಿಲಕ ಹಿಡಿದು ಸುಮಾರು ಹೊತ್ತು ನಿಂತ.
ಅಲರ್ಜಿ, ಅಂದ.