ಒಂದೇ ಚೀಟಿ

ಬೆಳಗಿನ ನಾಲ್ಕಕ್ಕೆ ಕೆಲಸದ ಚೀಟಿ ಬಂತು.
ಸಂಖ್ಯೆ ಒಂದೇ, ಕೆಲಸ ಎರಡು:
ಹಾಸ್ಟೆಲಿನ ಮೂರನೇ ಮಹಡಿಯ ಬಾಗಿಲು,
ಗ್ರಂಥಾಲಯದ ಮೆಟ್ಟಿಲು.
ಕಾರಣದ ಅಂಕಣದಲ್ಲಿ ಒಂದೇ ಪದ: ದ್ವೇಷ.

ಓಹಾಯೋದ ಚಳಿ. ಬಕೆಟ್ಟಿನ ಹಬೆ ಕನ್ನಡಕಕ್ಕೆ ಕಟ್ಟಿತು.
ಇಪ್ಪತ್ತೆರಡು ವರ್ಷದಿಂದ ಈ ಕಟ್ಟಡಗಳ ಕೊಳೆ ನನಗೆ ಗೊತ್ತು,
ಯಾವುದು ನೀರಿಗೆ ಹೋಗುತ್ತದೆ, ಯಾವುದು ಹೋಗುವುದಿಲ್ಲ.

ಬಾಗಿಲಿನದು ಹೋಗುವಂಥದಲ್ಲ.
ಕೀಲಿಯ ಮೊನೆಯಲ್ಲಿ ಗೀಚಿದ ಕೊಕ್ಕೆಶಿಲುಬೆ,
ಬಣ್ಣ ದಾಟಿ ಮರದ ತನಕ.
ಚೌಕಟ್ಟಿನ ಬಲಕ್ಕೆ ಎರಡು ಮೊಳೆಯ ತೂತು,
ಬೆರಳುದ್ದದ ಬಿಳಿ ಗುರುತು.
ಹೋಗುವಾಗ ಬರುವಾಗ ಆ ಹುಡುಗಿ ಮುಟ್ಟುತ್ತಿದ್ದ
ಪುಟ್ಟ ಕರಡಿಗೆ ಅಲ್ಲಿತ್ತು,
ಒಳಗೆ ಸುರುಳಿ ಸುತ್ತಿದ ಪ್ರಾರ್ಥನೆ.
ತಿರ್ಜಾ ಬರೀ ಸಾಕ್ಸಿನಲ್ಲಿ ಹೊಸ್ತಿಲ ಮೇಲೆ ನಿಂತಿದ್ದಳು.
"ಉಜ್ಜಬೇಡಿ, ಮೊದಲು ಫೋಟೋ ತೆಗೆಯಲಿ" ಅಂದಳು.
ದನಿ ನಡುಗಲಿಲ್ಲ. ಕೈ ಮಾತ್ರ
ಇಲ್ಲದ ಕರಡಿಗೆಯತ್ತ ಒಮ್ಮೆ ಹೋಗಿ ಬಂತು.

ಮೆಟ್ಟಿಲಿನದು ಸೀಮೆಸುಣ್ಣ.
ಗಾಜಾದಲ್ಲಿ ಸತ್ತ ಮಕ್ಕಳ ಹೆಸರು, ವಯಸ್ಸು:
ನಾಲ್ಕು, ಏಳು, ಒಂದೂವರೆ.
ಕೊನೆಯ ಮೆಟ್ಟಿಲಿಗೆ ಬೇರೆ ಕೈಬರಹದ ಒಂದು ಸಾಲು.
ಅದನ್ನು ಓದಿ ನನಗೂ ಕಸಿವಿಸಿ.
"ಹೆಸರುಗಳು ನನ್ನವು, ಆ ಸಾಲು ನನ್ನದಲ್ಲ" ಅಂದ ನಿದಾಲ್.
ಅಳಿಸಿಯೂ ಇರಲಿಲ್ಲ.
ಎರಡು ಬಕೆಟ್ ನೀರು.
ಒಂದೂವರೆ ಎಲ್ಲಕ್ಕಿಂತ ಮೊದಲು ಹೋಯಿತು.

ವಾರ ತಿರುಗುವಷ್ಟರಲ್ಲಿ ಹೊಸ ನಿಯಮ:
ಸೀಮೆಸುಣ್ಣ ಕೂಡದು, ಮುಖಕ್ಕೆ ಬಟ್ಟೆ ಕೂಡದು,
ಹತ್ತು ಮಂದಿ ಸೇರಲು ಮೂರು ದಿನ ಮೊದಲೇ ಅರ್ಜಿ.
ಬಾಗಿಲು ಗೀಚಿದವನು ಸಿಗಲಿಲ್ಲ.
ನಿದಾಲ್ ಸಿಕ್ಕ.
ಜ್ವರ ಎತ್ತಿನದು; ಬರೆಗೆ ಎಮ್ಮೆ ಹತ್ತಿರದಲ್ಲಿತ್ತು.

ವಿಚಾರಣೆಯ ದಿನ ಕುರ್ಚಿ ಹಾಕಿದ್ದು ನಾನೇ.
ನೀರಿನ ಜಗ್ಗು ಇಡುವ ನೆಪದಲ್ಲಿ ನಿಂತೆ.
"ನಿಮ್ಮ ಸುರಕ್ಷತೆಗೆಂದೇ ಇದೆಲ್ಲ" ಅಂದರು ಅವಳಿಗೆ.
ಬಹಳ ಹೊತ್ತು ಸುಮ್ಮನಿದ್ದು ತಿರ್ಜಾ ಅಂದಳು:
"ನನ್ನ ಬಾಗಿಲಿಗೆ ಬಂದವನನ್ನು ಹುಡುಕಿ.
ಇನ್ನೂ ಹುಡುಕಲು ಹೊರಟೇ ಇಲ್ಲ ನೀವು.
ಇವನ ಬಾಯಿಗೆ ಹಾಕುವ ಬೀಗವನ್ನು
ನನ್ನ ಲೆಕ್ಕಕ್ಕೆ ಬರೆಯಬೇಡಿ."
ಮತ್ತೆ ಅವನತ್ತ ತಿರುಗಿ,
"ಆ ಕೊನೆಯ ಸಾಲನ್ನು ತುಳಿದೇ
ನಾನು ಓದಲು ಹೋಗಬೇಕಿತ್ತು. ನಿನಗದು ಗೊತ್ತಿತ್ತು."
ಅವನು ಲೋಟ ನೋಡಿದ.
ಹೂಂ ಅಂದನೋ, ಗಂಟಲು ಸರಿಮಾಡಿಕೊಂಡನೋ,
ನಾನಿದ್ದಲ್ಲಿಗೆ ಕೇಳಿಸಲಿಲ್ಲ.

ತೀರ್ಪು ಇನ್ನೂ ಬಂದಿಲ್ಲ.
ಹೊಸ ಬಾಗಿಲು ಬಂದಿದೆ, ಚೌಕಟ್ಟು ಹಳೆಯದೇ.
ಬಣ್ಣದವನಿಗೆ ಹೇಳಿದ್ದೇನೆ,
ಆ ಎರಡು ತೂತು ಮುಚ್ಚಬೇಡ ಮಾರಾಯ, ಬೇಕಾಗುತ್ತವೆ.

ಚೀಟಿಯ ಕೆಳಗೆ, ಕೆಲಸ ಮುಗಿದಿದೆ ಎಂಬಲ್ಲಿ
ನನ್ನ ರುಜು ಬೇಕಂತೆ.
ಎರಡು ಚೀಟಿ ಮಾಡಿಕೊಡಿ ಅಂದೆ.
ಯಾಕೆ, ಅಂದ ಮೇಲಿನವನು, ಕೊಳೆ ಕೊಳೆಯೇ ಅಲ್ಲವೇ.