ಹೊಲಿಗೆಯ ಲೆಕ್ಕದಲ್ಲಿ ದುಬೈ

ಕರೆಂಟು ಹೋದರೆ ಕೌಲ್ ಬಜಾರಿನ ನಮ್ಮ ಶೆಡ್ಡಿನಲ್ಲಿ
ಮೊದಲು ಕೇಳಿಸುವುದು ಹೊರಗಿನ ಆಡು.
ಇಪ್ಪತ್ತೆರಡು ಮಿಷಿನ್ನು ಒಮ್ಮೆಗೇ ಬಾಯಿ ಮುಚ್ಚಿದಾಗ
ಏನು ಕೇಳಬೇಕೆಂದು ಕಿವಿಗೆ ತಿಳಿಯುವುದಿಲ್ಲ.

ನಾನು ಪೀಸು ಎಣಿಸುವವನು.
ಬಂಡಲ್ಲಿಗೆ ಚೀಟಿ ಕಟ್ಟಿ, ಹೆಸರಿನ ಮುಂದೆ ಅಂಕಿ ಬರೆಯುವವನು.
ಹೊನ್ನೂರಬಿ ನೀಲಿ ಬೆರಳು ಸೆರಗಿಗೆ ಒರೆಸಿಕೊಂಡು
(ಆ ನೀಲಿ ಹೋಗುವುದಿಲ್ಲ, ಆದರೂ ಒರೆಸುತ್ತಾಳೆ)
ಬಾಗಿಲ ಬಳಿಯ ಪೆಟ್ಟಿಗೆಯತ್ತ ಗದ್ದ ಎತ್ತಿದಳು:
"ಅದರ ಮ್ಯಾಲೆ ದುಬೈ ಅಂತ ಬರ್ದೈತಲ್ಲ ಎರ್ರಿಸ್ವಾಮಿ,
ಎಷ್ಟು ದೂರ ಐತಿ ಅದು?"

ಫೋನು ನೋಡಿ ಹೇಳಿದೆ.
ಗೆರೆ ಎಳೆದಷ್ಟು ನೆಟ್ಟಗೆ ಎರಡೂವರೆ ಸಾವಿರ ಕಿಲೋಮೀಟರು.
ಹೈದರಾಬಾದಿನಲ್ಲಿ ವಿಮಾನ ಹತ್ತಿದರೆ ನಾಲ್ಕು ತಾಸು.
ಹೈದರಾಬಾದಿಗೆ ಒಂದು ರಾತ್ರಿ ಬಸ್ಸು,
ಅದನ್ನು ವಿಮಾನದವರು ಲೆಕ್ಕಕ್ಕೆ ಹಿಡಿಯುವುದಿಲ್ಲ.
ಇಲ್ಲಿ ಮಧ್ಯಾಹ್ನ ಎರಡೂವರೆ, ಅಲ್ಲಿ ಈಗ ಒಂದು ಗಂಟೆ.

"ಅಂದ್ರ ಅವರಿನ್ನೂ ಉಂಡಿಲ್ಲ," ಅಂದಳು.

ಕರೆಂಟು ಬರಲಿಲ್ಲ. ಕೈಯಲ್ಲಿ ಪೆನ್ನಿತ್ತು.
ಚೀಟಿಯ ಬೆನ್ನಿಗೆ ಬರೆದೆ:
ಒಳತೊಡೆ, ಹೊರಮಗ್ಗಲು, ಒಂದು ಪ್ಯಾಂಟಿಗೆ ನಾಲ್ಕು ಮೀಟರು ಹೊಲಿಗೆ.
ದಿನಕ್ಕೆ ನೂರಿಪ್ಪತ್ತೈದು ಪ್ಯಾಂಟು.
ಅರ್ಧ ಕಿಲೋಮೀಟರು.
ಹಬ್ಬ, ಜ್ವರ, ಹೆರಿಗೆ ಕಳೆದು ವರ್ಷಕ್ಕೆ ಮುನ್ನೂರು ದಿನ.

"ಬಂದು ಎಷ್ಟು ವರ್ಷ ಆತು?"
"ಬರೋ ಮೊಹರಂಗೆ ಹದಿನೇಳು."

ಎರಡು ಸಲ ಗುಣಿಸಿದೆ. ಅಂಕಿ ಬದಲಾಗಲಿಲ್ಲ.
"ಮೂರನೇ ವರ್ಷ ನಿನಗ ಸಮುದ್ರ ಸಿಕ್ತು."
"ಶಬಾನಾ ಹುಟ್ಟಿದ ವರ್ಷ," ಅಂದಳು ತಟ್ಟನೆ.
"ಆಮೇಲೆ ಹದಿನಾಲ್ಕು ವರ್ಷ ಬರೇ ನೀರು."
ಅವಳು ನಗಲಿಲ್ಲ. ಹೌದು ಎನ್ನುವಂತೆ ತಲೆ ಆಡಿಸಿದಳು,
ಆ ನೀರನ್ನು ನೋಡಿದವಳ ಹಾಗೆ.
"ಈಗ ಮುಟ್ಟೀಯವ್ವ. ಹೆಚ್ಚು ಕಡಿಮೆ ಈ ವಾರ."

ಪಕ್ಕದ ಮಿಷಿನ್ನಿನ ಲಕುಮವ್ವ ಚಪ್ಪಾಳೆ ತಟ್ಟಿದಳು,
ಯಾರೋ ಖರ್ಜೂರ ಕೇಳಿದರು,
ಬಟನ್ ಹುಡುಗ ಅತ್ತರು ಕೇಳಿದ.
ಹೊನ್ನೂರಬಿ ಮಾತ್ರ ಚೀಟಿ ಈಸಿಕೊಂಡು
ಓದಲು ಬಾರದ ಅಂಕಿಗಳ ಮೇಲೆ ಬೆರಳಾಡಿಸಿದಳು,
ಹೊಲಿಗೆ ಡೊಂಕಾಗಿದೆಯಾ ನೋಡುವಾಗ ಆಡಿಸುವಂತೆ.

"ಚೆಕ್ಕಿಂಗಿನವ ವಾಪಸ್ ಒಗೀತಾನಲ್ಲ,
ಬಿಚ್ಚಿ ಮತ್ತ ಹೊಲಿದದ್ದು? ಅದನ್ನ ಹಿಡಿದೀಯಾ?"

ಹಿಡಿದಿರಲಿಲ್ಲ.
ಬಿಚ್ಚಿದ್ದಕ್ಕೆ ನನ್ನ ಪುಸ್ತಕದಲ್ಲಿ ಕಾಲಮ್ಮಿಲ್ಲ,
ಕೂಲಿಯೂ ಇಲ್ಲ.

"ಹಂಗಾದ್ರ ನಾ ಯಾವಾಗೋ ದಾಟಿ ಹೋಗೀನಿ ಬಿಡು,"
ಅಂದು ಚೀಟಿಯನ್ನು ಮಡಚಿ ರವಿಕೆಗೆ ಸೇರಿಸಿದಳು.
ಫ್ಯಾನು ಒಮ್ಮೆ ಕೆಮ್ಮಿತು, ಲೈಟು ಬಂತು.
ಆಡಿನ ಸದ್ದು ಎಲ್ಲಿ ನಿಂತಿತೋ ಗೊತ್ತಾಗಲಿಲ್ಲ.

ಅವಳ ಮುಂದೆ ಬಂಡಲು ಇಟ್ಟೆ.
ಮೂವತ್ತೆರಡು ಸೈಜು, ಇಪ್ಪತ್ತು ಪೀಸು.
ಸೂಜಿ ಕೆಳಗಿಳಿಯಿತು.